ಎಸ್ಟೀಮ್‌ಗೆ ಫ್ಯೂಯಲ್ ಪ್ರೆಶರ್ ಗೇಜ್ ಹಾಕಬೇಕು: ಕ್ಯಾಬಿನ್ ಒಳಗಾ, ಬಾನೆಟ್ ಕೆಳಗಾ?

ಹಳೇ ಎಸ್ಟೀಮ್ | ಹಾಸನ | ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಮಾರುತಿ ಎಸ್ಟೀಮ್ ಕಾರು, 1.3 ಎಂಪಿಎಫ್‌ಐ (ಇಂಜೆಕ್ಟರ್ ಇರುವ ಪೆಟ್ರೋಲ್ ಎಂಜಿನ್). ಅಪ್ಪ ತಗೊಂಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಊರೊಳಗೆ ಬೆಣ್ಣೆ ತರ ಓಡುತ್ತದೆ. ಆದರೆ ಮಂಗಳೂರಿನಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ, ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ ಆಗುತ್ತದೆ. ಕಾಲು ಸ್ವಲ್ಪ ಎತ್ತಿದರೆ ಮತ್ತೆ ಸರಿ. ಬೆಳಗ್ಗೆ ಎದ್ದು ಸ್ಟಾರ್ಟ್ ಮಾಡಬೇಕಾದರೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು.

ಒಂದು ಗ್ಯಾರೇಜಿನಲ್ಲಿ (ಹೆಸರು ಬೇಡ) ಕಳೆದ ವರ್ಷ ಟ್ಯಾಂಕ್ ಒಳಗಿನ ಪಂಪ್ ಬದಲಿಸಿದರು. ಆಮೇಲೆ ಫಿಲ್ಟರ್, ಆಮೇಲೆ ಪ್ಲಗ್. ಈಗ "ಇನ್ನೊಂದು ಪಂಪ್ ಹಾಕಿ ನೋಡೋಣ" ಅಂತಿದ್ದಾರೆ. ನನ್ನ ದುಡ್ಡಿನಲ್ಲಿ ನೋಡೋದಕ್ಕೆ ಅವರಿಗೇನು ಕಷ್ಟ! ಇಷ್ಟೆಲ್ಲ ಆದರೂ ಪ್ರೆಶರ್ ಎಷ್ಟಿದೆ ಅಂತ ಒಬ್ಬರೂ ಅಳೆದು ನೋಡಿಲ್ಲ.

ಅದಕ್ಕೇ ಆನ್‌ಲೈನ್‌ನಲ್ಲಿ ಒಂದು ಗೇಜ್ ತರಿಸಿದೆ. 52 ಎಂಎಂ ಡಯಲ್, 0ರಿಂದ 7 ಬಾರ್ (ಒತ್ತಡದ ಅಳತೆ), ವೈರ್ ಇಲ್ಲದ ಮೆಕ್ಯಾನಿಕಲ್ ಟೈಪ್. ಜೊತೆಗೆ ಸಣ್ಣ ನೈಲಾನ್ ಪೈಪ್ ಬಂದಿದೆ. ಅದನ್ನು ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ದಾಟಿಸಿ, ಸ್ಟೀರಿಂಗ್ ಪಕ್ಕದ ಕಂಬಕ್ಕೆ ಗೇಜ್ ಕೂರಿಸೋಣ ಅಂತ ಪ್ಲಾನ್. ನಾಳೆ ಭಾನುವಾರ, ಕೈ ಖಾಲಿ ಇದೆ. ಏನಾದರೂ ಗಮನಿಸಬೇಕಾದ್ದು ಇದ್ದರೆ ಹೇಳಿ.

ಸ್ಪ್ಯಾನರ್ ಮಾಮ | ಪುತ್ತೂರು | ಶನಿವಾರ ರಾತ್ರಿ 10.05

ನಾಳೆ ಆ ಕೆಲಸ ಮಾಡಬೇಡಿ ಮಾರಾಯ್ರೆ. ಮೊದಲು ಇದನ್ನು ಓದಿ.

ಮೆಕ್ಯಾನಿಕಲ್ ಗೇಜ್ ಅಂದರೆ ಅದರ ಹೊಟ್ಟೆಯವರೆಗೂ ಪೆಟ್ರೋಲ್ ಬರುತ್ತದೆ. ಒಳಗೆ ಬಾಗಿದ ಹಿತ್ತಾಳೆ ನಳಿಕೆ ಇರುತ್ತದೆ. ಒತ್ತಡಕ್ಕೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಈಗ ಆ ನೈಲಾನ್ ಪೈಪ್ ಫೈರ್‌ವಾಲ್ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ದಿನ ಕಿತ್ತುಹೋಯಿತು ಅಂದುಕೊಳ್ಳಿ. ಹತ್ತಿರ ಹತ್ತಿರ 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ನಿಮ್ಮ ಮೊಣಕಾಲಿನ ಮೇಲೆ ಚಿಮ್ಮುತ್ತದೆ. ಎಂಜಿನ್ ಓಡುತ್ತಿರುವವರೆಗೂ ಪಂಪ್ ನಿಲ್ಲುವುದಿಲ್ಲ. ಆಯಿಲ್ ಪ್ರೆಶರ್ ಗೇಜ್‌ನ ಪೈಪ್ ಒಳಗೆ ಬಂದರೆ ಪ್ಯಾಂಟ್ ಹಾಳು, ಅಷ್ಟೇ. ಪೆಟ್ರೋಲ್ ಒಳಗೆ ಬರಲೇಬಾರದು.

ದಾರಿ ಎರಡಿದೆ. ಶಾಶ್ವತವಾಗಿ ಡ್ಯಾಶ್ ಮೇಲೆ ಬೇಕಾದರೆ ಎಲೆಕ್ಟ್ರಿಕ್ ಗೇಜ್ ತಗೊಳ್ಳಿ. ಸೆಂಡರ್ (ಒತ್ತಡ ಅಳೆಯುವ ಭಾಗ) ಬಾನೆಟ್ ಕೆಳಗೇ ಉಳಿಯುತ್ತದೆ, ಒಳಗೆ ವೈರ್ ಮಾತ್ರ ಬರುತ್ತದೆ. ತೊಂದರೆ ಹುಡುಕುವುದಕ್ಕೆ ಮಾತ್ರ ಅಂದರೆ ಈಗಿರುವ ಗೇಜೇ ಸಾಕು, ಆದರೆ ಗಾಜಿನ ಹೊರಗೆ. ಒಳ್ಳೆಯ ಫ್ಯೂಯಲ್ ಹೋಸ್ ಹಾಕಿ ಬಾನೆಟ್ ಹಿಂದಿನ ಸಂದಿಯಿಂದ ಗೇಜನ್ನು ಹೊರಗೆ ತಂದು, ವೈಪರ್ ಕೆಳಗೆ ಸಿಕ್ಕಿಸಿ, ಗಾಜಿಗೆ ಟೇಪ್ ಹಚ್ಚಿ. ಸೀಟಿನಲ್ಲಿ ಕೂತೇ ಓದಬಹುದು. ನಾನು ಕೆಲಸ ಕಲಿತ ಕಾಲದಿಂದ ಹೀಗೇ ಮಾಡುತ್ತಿದ್ದೇನೆ. ನೋಡಲು ಚಂದ ಇಲ್ಲ, ಅರ್ಧ ಗಂಟೆಯ ಕೆಲಸ ಮುಗಿದ ಮೇಲೆ ಬಿಚ್ಚಿಡಿ.

ಡೀಸೆಲ್ ದಾಸ | ತುಮಕೂರು | ಶನಿವಾರ ರಾತ್ರಿ 10.20

ಇಷ್ಟೆಲ್ಲಾ ಯಾಕೆ? ಒಂದು ಬ್ಲೂಟೂತ್ ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಚುಚ್ಚಿ ಮೊಬೈಲ್‌ನಲ್ಲಿ ನೋಡಿದರೆ ಆಯ್ತಲ್ವಾ? ನನ್ನ ಡೀಸೆಲ್ ಸ್ವಿಫ್ಟ್‌ನಲ್ಲಿ ರೇಲ್ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಪೈಪ್) ಪ್ರೆಶರ್ ತೋರಿಸುತ್ತದೆ.

ಸ್ಪ್ಯಾನರ್ ಮಾಮ | ಪುತ್ತೂರು | ಶನಿವಾರ ರಾತ್ರಿ 10.31

ನಿಮ್ಮದು ಕಾಮನ್ ರೇಲ್ ಡೀಸೆಲ್. ಅದರಲ್ಲಿ ರೇಲ್ ಮೇಲೇ ಸೆನ್ಸರ್ ಇದೆ, ಇಸಿಯುಗೆ (ಎಂಜಿನ್ ಕಂಪ್ಯೂಟರ್‌ಗೆ) ಆ ಲೆಕ್ಕ ಇಲ್ಲದೆ ನಡೆಯುವುದೇ ಇಲ್ಲ. ಇಂಥ ಹಳೇ ಪೋರ್ಟ್ ಇಂಜೆಕ್ಷನ್ ಪೆಟ್ರೋಲ್ ಗಾಡಿಯಲ್ಲಿ ಸಾಮಾನ್ಯವಾಗಿ ಪ್ರೆಶರ್ ಸೆನ್ಸರೇ ಇರುವುದಿಲ್ಲ. ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಸರಿ ಇದೆ ಅಂತ ನಂಬಿಕೊಂಡು ಇಸಿಯು ಇಂಜೆಕ್ಟರ್ ತೆರೆಯುತ್ತದೆ. ಇಲ್ಲದ ಸೆನ್ಸರ್ ಅನ್ನು ಡಾಂಗಲ್ ಎಲ್ಲಿಂದ ಓದಬೇಕು?

ಹಾಗೆಯೇ, ಇದನ್ನು ಓದಿ ಯಾರೂ ಡೀಸೆಲ್ ರೇಲ್‌ಗೆ ಗೇಜ್ ಹಾಕಲು ಹೋಗಬೇಡಿ. ಅಲ್ಲಿ ಐಡಲ್‌ನಲ್ಲೇ ನೂರಾರು ಬಾರ್, ಕಾಲು ಒತ್ತಿದರೆ ಸಾವಿರ ದಾಟುತ್ತದೆ. ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಗಾಡಿಯ ಹೈ ಪ್ರೆಶರ್ ಕಡೆಗೂ ಇದೇ ಮಾತು. ಅಲ್ಲೆಲ್ಲ ಸ್ಕ್ಯಾನರ್ ಮಾತ್ರ.

ಡೀಸೆಲ್ ದಾಸ | ತುಮಕೂರು | ಶನಿವಾರ ರಾತ್ರಿ 10.33

ಸರಿ ಮಾಮ, ಕೈ ಮುಗಿದೆ.

ಚಳಿ ದೇಶದಿಂದ | ಮಿಶಿಗನ್ | ಭಾನುವಾರ ಬೆಳಗ್ಗೆ 6.15

ಇಲ್ಲಿ ನನ್ನ ಹಳೇ ಷೆವ್ರೊಲೆ ರೇಲ್ ಮೇಲೆ ಟೈರ್ ವಾಲ್ವ್ ತರದ ಪುಟ್ಟ ವಾಲ್ವ್ ಇದೆ. ಕ್ಯಾಪ್ ತೆಗೆದು ಗೇಜ್ ತಿರುಗಿಸಿದರೆ ಮುಗಿಯಿತು. ಗೇಜ್ ಕೂಡ ಬಿಡಿಭಾಗದ ಅಂಗಡಿಯಲ್ಲಿ ಡೆಪಾಸಿಟ್ ಇಟ್ಟರೆ ಕೊಡ್ತಾರೆ, ವಾಪಸ್ ಕೊಟ್ಟಾಗ ದುಡ್ಡೂ ವಾಪಸ್. ಎಸ್ಟೀಮ್‌ನಲ್ಲಿ ಆ ವಾಲ್ವ್ ಇಲ್ವಾ?

ಹಳೇ ಎಸ್ಟೀಮ್ | ಹಾಸನ | ಭಾನುವಾರ ಬೆಳಗ್ಗೆ 8.10

ಇಲ್ಲ ಸರ್, ಟಾರ್ಚ್ ಹಾಕಿ ಹುಡುಕಿದೆ. ರೇಲ್‌ಗೆ ಬರುವ ರಬ್ಬರ್ ಹೋಸ್ ಒಂದು, ವಾಪಸ್ ಹೋಗುವ ಹೋಸ್ ಒಂದು, ರೆಗ್ಯುಲೇಟರ್ ತಲೆಗೆ ಸಣ್ಣ ವ್ಯಾಕ್ಯೂಮ್ ಹೋಸ್. ಅಷ್ಟೇ.

ಮಾಮ, ನಿಮ್ಮ ಮಾತು ಕೇಳಿ ನೈಲಾನ್ ಪೈಪ್ ಸುತ್ತಿ ಮೂಲೆಗೆ ಎಸೆದೆ. ಹಾಗಾದರೆ ಬರುವ ಹೋಸ್ ಕತ್ತರಿಸಿ ಟೀ (ಮೂರು ಬಾಯಿಯ ಜಾಯಿಂಟ್) ಹಾಕಬೇಕು, ಸರಿನಾ? ಇಲ್ಲಿನ ಪ್ಲಂಬಿಂಗ್ ಅಂಗಡಿಯಲ್ಲಿ ಹಿತ್ತಾಳೆ ಟೀ ಸಿಗುತ್ತದೆ. ಗೇಜ್ ಮೇಲೆ ಮರೆಯ (ಸ್ಕ್ರೂ ಸುತ್ತಿನ) ಅಳತೆ 1/8 ಎನ್‌ಪಿಟಿ ಅಂತ ಬರೆದಿದೆ.

ವೈರಿಂಗ್ ವೀರ | ಬೆಂಗಳೂರು | ಭಾನುವಾರ ಬೆಳಗ್ಗೆ 9.02

ಗುರು, ಅಲ್ಲೇ ಒಂದು ಗುಂಡಿ ಇದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ 1/8 ಬಹುತೇಕ ಬಿಎಸ್‌ಪಿ ಅನ್ನುವ ಬೇರೆ ಅಳತೆ. ಎನ್‌ಪಿಟಿಯಲ್ಲಿ ಇಂಚಿಗೆ 27 ಮರೆ, ಬಿಎಸ್‌ಪಿಯಲ್ಲಿ 28. ಮರೆಯ ಕೋನವೂ ಬೇರೆ. ಒಂದಕ್ಕೊಂದು ಎರಡು ಮೂರು ಸುತ್ತು ಆರಾಮಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಆಹಾ, ಟೈಟಾಯ್ತು" ಅಂದುಕೊಳ್ಳುತ್ತೀರಿ. ಸ್ಟಾರ್ಟ್ ಮಾಡಿದರೆ ತೊಟ್ಟಿಕ್ಕುತ್ತದೆ. ನಾನು ಜೆ.ಸಿ. ರೋಡ್‌ನಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಎನ್‌ಪಿಟಿ ಪೋರ್ಟ್ ಇರುವ 8 ಎಂಎಂ ಫ್ಯೂಯಲ್ ಟೀ ಸಿಕ್ಕಿತು. ಗೇಜನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ, ಕೌಂಟರ್ ಮೇಲೇ ತಿರುಗಿಸಿ ನೋಡಿ.

ಇನ್ನೊಂದು. ನಲ್ಲಿಗೆ ಸುತ್ತುವ ಬಿಳಿ ಟೇಪ್ ಬೇಡವೇ ಬೇಡ. ಅದರ ಎಳೆ ಕಿತ್ತು ರೇಲ್ ಒಳಗೆ ಹೋದರೆ ನೇರ ಇಂಜೆಕ್ಟರ್ ಬಾಯಿಗೆ. ಟೀ ಇರುವುದು ಫಿಲ್ಟರ್ ಆದ ಮೇಲೆ, ಹಾಗಾಗಿ ನಡುವೆ ತಡೆಯುವವರು ಯಾರೂ ಇಲ್ಲ. ಪೆಟ್ರೋಲ್ ತಡೆಯುವ ದ್ರವ ಸೀಲಂಟ್ ಸಿಗುತ್ತದೆ, ಮೊದಲ ಎರಡು ಮರೆ ಬಿಟ್ಟು ಹಚ್ಚಿ.

ಕಾಫಿ ತೋಟ | ಸಕಲೇಶಪುರ | ಭಾನುವಾರ ಬೆಳಗ್ಗೆ 9.30

ಹೋಸ್ ಬಗ್ಗೆಯೂ ಹೇಳಿ. ನನ್ನ ಜಿಪ್ಸಿಗೆ ಒಬ್ಬರು ಸಾದಾ ಪೆಟ್ರೋಲ್ ಪೈಪ್ ಹಾಕಿದ್ದರು. ಒಂದೇ ಮಳೆಗಾಲಕ್ಕೆ ಬಿರುಕು.

ಸ್ಪ್ಯಾನರ್ ಮಾಮ | ಪುತ್ತೂರು | ಭಾನುವಾರ ಬೆಳಗ್ಗೆ 10.20

ಹೌದು, ಅದು ಮುಖ್ಯ. ಹೋಸ್ ಮೈಮೇಲೆ ಬರೆದಿರುವುದನ್ನು ಓದಿ. ಎಸ್‌ಎಇ ಜೆ30 ಆರ್9 ಅಂತ ಇದ್ದರೆ ಇಂಜೆಕ್ಷನ್ ಗಾಡಿಗೆ ಆಗುತ್ತದೆ. ಆರ್6, ಆರ್7 ಅಂದರೆ ಕಾರ್ಬೊರೇಟರ್ ಕಾಲದ ಕಡಿಮೆ ಒತ್ತಡದ್ದು. ಏನೂ ಬರೆದಿಲ್ಲ ಅಂದರೆ ಹಾಗೇ ಅಂಗಡಿಯವರ ಕೈಗೆ ವಾಪಸ್ ಕೊಡಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಲ್ವಾ ಅದನ್ನು ಶುರು ಮಾಡಿದ್ದು. 2004ರ ಗಾಡಿಯ ರಬ್ಬರ್ ಅದನ್ನು ನೆನೆಸಿಕೊಂಡು ಮಾಡಿದ್ದಲ್ಲ. ಹಳೇ ಹೋಸ್‌ಗಳನ್ನು ಬೆರಳಲ್ಲಿ ಹಿಸುಕಿ ನೋಡಿ. ಮೆತ್ತಗೆ ಉಬ್ಬಿದ್ದರೂ ಬದಲಿಸಿ, ಗಟ್ಟಿಯಾಗಿ ಚರ ಚರ ಅಂದರೂ ಬದಲಿಸಿ.

ಕ್ಲಿಪ್ ಕೂಡ ಅಷ್ಟೇ. ಗೀರು ಗೀರಿನ ಸಾದಾ ಕ್ಲಿಪ್ ಬಿಗಿ ಮಾಡಿದರೆ ರಬ್ಬರ್ ಒಳಗೆ ಕಚ್ಚುತ್ತದೆ. ಅಂಚು ಮಡಚಿದ, ನಟ್ ಬೋಲ್ಟ್ ಇರುವ ಫ್ಯೂಯಲ್ ಇಂಜೆಕ್ಷನ್ ಕ್ಲಿಪ್ ತಗೊಳ್ಳಿ.

ಕೆಲಸ ಶುರು ಮಾಡುವ ಮುಂಚೆ: ಎಂಜಿನ್ ತಣ್ಣಗಿರಲಿ, ಗಾಡಿ ಬಯಲಲ್ಲಿರಲಿ. ಪಂಪ್‌ನ ಫ್ಯೂಸ್ ಅಥವಾ ರಿಲೇ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ. ಪೈಪಿನಲ್ಲಿದ್ದ ಪೆಟ್ರೋಲ್ ಕುಡಿದು ತಾನಾಗೇ ನಿಲ್ಲುತ್ತದೆ. ಇನ್ನೊಂದೆರಡು ಸಲ ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ. ಇಷ್ಟಾದರೂ ಹೋಸ್ ಕಿತ್ತಾಗ ಒಂದು ಲೋಟದಷ್ಟು ಬರಬಹುದು, ಕೆಳಗೆ ಬಟ್ಟೆ ಇಡಿ. ಪಕ್ಕದಲ್ಲಿ ಪೌಡರ್ ಎಕ್ಸ್‌ಟಿಂಗ್ವಿಷರ್ ಇರಲಿ. ಬೀಡಿ ಸೇದುವ ಸಲಹೆಗಾರರನ್ನು ಗೇಟಿನ ಆಚೆ ನಿಲ್ಲಿಸಿ. ನಮ್ಮೂರಲ್ಲಿ ಬಾನೆಟ್ ಎತ್ತಿದರೆ ಸಾಕು, ಇಬ್ಬರಾದರೂ ಬರುತ್ತಾರೆ.

ಎಲ್ಲ ಸೇರಿಸಿದ ಮೇಲೆ ತಕ್ಷಣ ಸ್ಟಾರ್ಟ್ ಮಾಡಬೇಡಿ. ಕೀ ಆನ್ ಮಾಡಿ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತದೆ. ಆಫ್, ಮತ್ತೆ ಆನ್. ಮೂರು ನಾಲ್ಕು ಸಲ. ಪ್ರತಿ ಜಾಯಿಂಟ್ ಸುತ್ತ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ. ಕಣ್ಣಿಗೆ ಕಾಣದ ತೇವ ಅದರಲ್ಲಿ ಕಾಣುತ್ತದೆ.

ಉಳ್ಳಾಗಡ್ಡಿ | ಹುಬ್ಬಳ್ಳಿ | ಭಾನುವಾರ ಮಧ್ಯಾಹ್ನ 1.15

ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬ್ಯಾಡ್ರಿ. ನಂದು ಪ್ರೀಮಿಯರ್ ಪದ್ಮಿನಿ. ಇದೇ ಗೇಜ್ ನಾನೂ ಹಾಕಿದೆ. ಮುಳ್ಳು ಸೊನ್ನೆ ಬಿಟ್ಟು ಏಳವಲ್ದು. ಪಂಪ್ ಹೋಗೇತೇನ್ರಿ?

ಸ್ಪ್ಯಾನರ್ ಮಾಮ | ಪುತ್ತೂರು | ಭಾನುವಾರ ಮಧ್ಯಾಹ್ನ 1.40

ಪಂಪ್ ಏನೂ ಆಗಿರಲಿಕ್ಕಿಲ್ಲ. ಕಾರ್ಬೊರೇಟರ್ ಗಾಡಿಗೆ ಬೇಕಾಗಿರುವುದೇ ಸುಮಾರು 0.2, 0.3 ಬಾರ್. 7 ಬಾರ್ ಡಯಲ್‌ನಲ್ಲಿ ಅದು ಎಲ್ಲಿ ಕಾಣಬೇಕು? ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗಾಯಿತು. 0ರಿಂದ 1 ಬಾರ್ ಗೇಜ್ ತಗೊಳ್ಳಿ.

ಉಳ್ಳಾಗಡ್ಡಿ | ಹುಬ್ಬಳ್ಳಿ | ಭಾನುವಾರ ಮಧ್ಯಾಹ್ನ 1.44

ಹೊಸಾ ಪಂಪ್ ಆರ್ಡರ್ ಮಾಡೋನಿದ್ದೆ. ಉಳಿಸಿದ್ರಿ.

ಹಳೇ ಎಸ್ಟೀಮ್ | ಹಾಸನ | ಮುಂದಿನ ಶನಿವಾರ ಸಂಜೆ 6.30

ಒಂದು ವಾರ ಆಯಿತು. ಬೆಂಗಳೂರಿಗೆ ಹೋದ ಅಣ್ಣನ ಕೈಲಿ ಟೀ, ಹೋಸ್, ಕ್ಲಿಪ್ ಎಲ್ಲ ತರಿಸಿದೆ. ಇವತ್ತು ಹಾಕಿದೆ. ಹೋಸ್‌ಗೆ ಕತ್ತರಿ ಇಡುವಾಗ ಕೈ ನಡುಗಿದ್ದು ನಿಜ. ಲೀಕ್ ಇಲ್ಲ, ಟಿಶ್ಯೂ ಒಣಗಿದ ಹಾಗೇ ಇದೆ.

ಕೀ ಆನ್ ಮಾಡಿದರೆ 2.9. ಸ್ಟಾರ್ಟ್ ಮಾಡಿದ ಮೇಲೆ ಐಡಲ್‌ನಲ್ಲಿ 2.3ಕ್ಕೆ ಇಳಿಯಿತು! ಪಂಪ್ ಸುಸ್ತಾಗಿದೆ, ಗ್ಯಾರೇಜಿನವರು ಹೇಳಿದ್ದೇ ಸರಿ ಅನ್ನಿಸುತ್ತಿದೆ.

ಸ್ಪ್ಯಾನರ್ ಮಾಮ | ಪುತ್ತೂರು | ಶನಿವಾರ ಸಂಜೆ 7.00

ಅವಸರ ಬೇಡ. ಅದು ಸರಿಯಾಗಿಯೇ ಇದೆ. ರೆಗ್ಯುಲೇಟರ್ ತಲೆಯ ವ್ಯಾಕ್ಯೂಮ್ ಹೋಸ್ ಎಳೆದು, ಬಾಯಿಗೆ ಬೆರಳು ಮುಚ್ಚಿ, ಮುಳ್ಳು ನೋಡಿ.

ಹಳೇ ಎಸ್ಟೀಮ್ | ಹಾಸನ | ಶನಿವಾರ ಸಂಜೆ 7.12

2.9ಕ್ಕೆ ಏರಿತು! ಹೋಸ್ ವಾಪಸ್ ಹಾಕಿದರೆ 2.3.

ಸ್ಪ್ಯಾನರ್ ಮಾಮ | ಪುತ್ತೂರು | ಶನಿವಾರ ಸಂಜೆ 7.35

ಹಾಗಾದರೆ ರೆಗ್ಯುಲೇಟರ್ ಬದುಕಿದೆ. ಆ ವ್ಯಾಕ್ಯೂಮ್ ಹೋಸ್ ಒಳಗೆ ಪೆಟ್ರೋಲ್ ವಾಸನೆ ಅಥವಾ ತೇವ ಇದ್ದಿದ್ದರೆ ಡಯಾಫ್ರಮ್ (ರೆಗ್ಯುಲೇಟರ್ ಒಳಗಿನ ಪೊರೆ) ಹರಿದಿದೆ ಅಂತ ಅರ್ಥ. ಅದನ್ನೂ ಮೂಸಿ ನೋಡಿ.

ಇದು ಅರ್ಥ ಆಗದೆ ಎಷ್ಟೋ ಜನ ಒಳ್ಳೆಯ ಪಂಪ್ ಬಿಸಾಡಿದ್ದಾರೆ. ಇಂಜೆಕ್ಟರ್‌ನ ಒಂದು ತುದಿಯಲ್ಲಿ ರೇಲ್, ಇನ್ನೊಂದು ತುದಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗೆ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ಜೋರು ವ್ಯಾಕ್ಯೂಮ್ ಇರುತ್ತದೆ, ಅದು ಪೆಟ್ರೋಲನ್ನು ತನ್ನ ಕಡೆ ಎಳೆಯುತ್ತದೆ. ರೇಲ್‌ನಲ್ಲಿ ಅದೇ 2.9 ಇಟ್ಟರೆ ಜಾಸ್ತಿ ಬೀಳುತ್ತದೆ. ಅದಕ್ಕೆ ರೆಗ್ಯುಲೇಟರ್ ಅರ್ಧ ಬಾರ್ ಚಿಲ್ಲರೆ ಇಳಿಸುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ವ್ಯಾಕ್ಯೂಮ್ ಹೋಗುತ್ತದೆ, ಪ್ರೆಶರ್ ಮತ್ತೆ 2.9ರ ಹತ್ತಿರ ಬರಬೇಕು. ಈ ಸುಜುಕಿ ಎಂಜಿನ್‌ಗೆ ಎಂಜಿನ್ ನಿಂತು ಪಂಪ್ ಓಡುವಾಗ 2.7ರಿಂದ 3.1ರ ಒಳಗೆ ಇದ್ದರೆ ಸರಿ. ಹೊಸ ಗಾಡಿಗಳಲ್ಲಿ ರೆಗ್ಯುಲೇಟರ್ ಟ್ಯಾಂಕ್ ಒಳಗೇ ಇರುತ್ತದೆ, ರಿಟರ್ನ್ ಪೈಪ್ ಇಲ್ಲ, ಪ್ರೆಶರ್ ಒಂದೇ ಸಮ. ಆ ಲೆಕ್ಕ ಇಲ್ಲಿ ಹಿಡಿಯಬೇಡಿ.

ನಿಂತ ಗಾಡಿಯಲ್ಲಿ ನೋಡಿದ್ದು ಸಾಕು. ನಿಮ್ಮ ತೊಂದರೆ ಇರುವುದು ಏರಿನಲ್ಲಿ. ಗೇಜ್ ಗಾಜಿಗೆ ಕಟ್ಟಿ ಘಾಟಿಗೆ ಹೋಗಿ. ಮುಳ್ಳು ನೋಡಲು ಪಕ್ಕದಲ್ಲಿ ಒಬ್ಬರು ಕೂರಲಿ, ನೀವು ರಸ್ತೆ ನೋಡಿ.

ಹಳೇ ಎಸ್ಟೀಮ್ | ಹಾಸನ | ಭಾನುವಾರ ರಾತ್ರಿ 8.20

ಹೋಗಿ ಬಂದೆ. ಮುಳ್ಳು ನೋಡಲು ಹೆಂಡತಿ. ಗಾಜಿನ ಮೇಲೆ ಗೇಜ್, ಸುತ್ತ ಹಳದಿ ಟೇಪ್. ಮಾರನಹಳ್ಳಿ ಹತ್ತಿರ ಟೀ ಅಂಗಡಿಯವರು ಬಾಂಬ್ ಅಂತ ತಿಳಿದುಕೊಂಡರು.

ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಏರಿನಲ್ಲಿ ಮೂರನೇ ಗೇರ್, ಕಾಲು ಪೂರ್ತಿ ಒತ್ತಿದೆ. ಮೊದಲು 2.8 ಅಂದಳು. ಆಮೇಲೆ 2.5. ಎರಡು ಪಾಯಿಂಟ್ ಎರಡು. ಗಾಡಿ ಎಳೆಯುವುದು ಬಿಡುವ ಹೊತ್ತಿಗೆ "ಒಂದು ಪಾಯಿಂಟ್ ಒಂಬತ್ತು, ಕಾಲು ತೆಗೀರಿ, ಹಿಂದೆ ಲಾರಿ" ಅಂತ ಕಿರುಚಿದಳು. ಕಾಲು ಎತ್ತಿದ ತಕ್ಷಣ ಮುಳ್ಳು ಮೇಲೆ.

ಇನ್ನೊಂದು ಗಮನಿಸಿದೆ. ಗಾಡಿ ಆಫ್ ಮಾಡಿ ಒಂದು ನಿಮಿಷದಲ್ಲಿ ಮುಳ್ಳು ಸೊನ್ನೆಗೆ ಬರುತ್ತದೆ.

ವೈರಿಂಗ್ ವೀರ | ಬೆಂಗಳೂರು | ಭಾನುವಾರ ರಾತ್ರಿ 8.50

ಈಗ ಮಜಾ ಬಂತು. ಆದರೂ ಪಂಪ್ ಬೈಯಬೇಡಿ. ಮೊದಲು ವೋಲ್ಟೇಜ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಎಷ್ಟಿದೆ, ಪಂಪ್‌ನ ಕನೆಕ್ಟರ್‌ನಲ್ಲಿ ಎಷ್ಟಿದೆ ನೋಡಿ. ಕನೆಕ್ಟರ್ ಬಿಚ್ಚಿ ಅಳೆದರೆ ಸುಳ್ಳು ಹೇಳುತ್ತದೆ, ಪಂಪ್ ಎಳೆಯುತ್ತಿರುವಾಗಲೇ ಹಿಂದಿನಿಂದ ಪಿನ್ ತೂರಿಸಿ ನೋಡಬೇಕು. ನೆಗೆಟಿವ್ ಕಡ್ಡಿಯನ್ನು ಬಾಡಿಗಲ್ಲ, ಪಂಪ್‌ನ ಅರ್ತ್ ವೈರ್‌ಗೇ ಹಿಡಿಯಿರಿ. ಹತ್ತರಲ್ಲಿ ನಾಲ್ಕು ಗಾಡಿಯಲ್ಲಿ ನಾನು ಕಂಡಿರುವುದು ತುಕ್ಕು ಹಿಡಿದ ಅರ್ತ್, ಪಂಪ್ ಅಲ್ಲ.

ಸ್ಪ್ಯಾನರ್ ಮಾಮ | ಪುತ್ತೂರು | ಭಾನುವಾರ ರಾತ್ರಿ 9.15

ವೋಲ್ಟೇಜ್ ಸರಿ ಇದ್ದರೆ ಇನ್ನು ಎರಡು ಪರೀಕ್ಷೆ. ರಿಟರ್ನ್ ಹೋಸ್ ಅನ್ನು ದುಂಡು ಬಾಯಿಯ ಕ್ಲ್ಯಾಂಪ್‌ನಲ್ಲಿ ಒಂದೆರಡು ಸೆಕೆಂಡ್ ಹಿಸುಕಿ. ಒಳ್ಳೆಯ ಪಂಪ್ ಆದರೆ ಮುಳ್ಳು ಸರ್ರನೆ 5ರ ಕಡೆ ಓಡುತ್ತದೆ. ಅಷ್ಟಕ್ಕೇ ಬಿಡಿ, ಜಾಸ್ತಿ ಹೊತ್ತು ಹಿಡಿಯಬೇಡಿ.

ಆಮೇಲೆ ಆಫ್ ಮಾಡಿದ ಕ್ಷಣವೇ ಟೀಗಿಂತ ಹಿಂದೆ, ಟ್ಯಾಂಕ್ ಕಡೆಯ ಹೋಸ್ ಹಿಸುಕಿ ಇಡಿ. ಮುಳ್ಳು ನಿಂತರೆ ಟ್ಯಾಂಕ್ ಕಡೆಗೇ ಸೋರುತ್ತಿದೆ. ನಿಲ್ಲದಿದ್ದರೆ ಇನ್ನೊಂದು ಸಲ, ರಿಟರ್ನ್ ಹಿಸುಕಿ. ಆಗ ನಿಂತರೆ ರೆಗ್ಯುಲೇಟರ್. ಎರಡಕ್ಕೂ ನಿಲ್ಲದಿದ್ದರೆ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ.

ಹಳೇ ಎಸ್ಟೀಮ್ | ಹಾಸನ | ಬುಧವಾರ ರಾತ್ರಿ 9.45

ಬ್ಯಾಟರಿ 13.9, ಪಂಪ್ ಹತ್ತಿರ 13.3. ವೀರ, ನಿಮ್ಮ ಅರ್ತ್ ಈ ಸಲ ಪಾಸ್.

ರಿಟರ್ನ್ ಹಿಸುಕಿದರೆ 3.3ಕ್ಕೆ ಬಂದು ಅಲ್ಲೇ ಒದ್ದಾಡುತ್ತದೆ. ಟ್ಯಾಂಕ್ ಕಡೆ ಹಿಸುಕಿದರೆ ಮುಳ್ಳು ಕದಲುವುದಿಲ್ಲ.

ಅಂದರೆ ಟ್ಯಾಂಕ್ ಒಳಗೇ ಕಥೆ ಇದೆ. ಮತ್ತೆ ಪಂಪೇನಾ?

ಅಂದಹಾಗೆ, ಎಂಜಿನ್ ಬಿಸಿಯಾದ ಮೇಲೆ ಗೇಜ್ ಎಲ್ಲದಕ್ಕೂ 0.2 ಕಡಿಮೆ ತೋರಿಸುತ್ತದೆ. ಗೇಜೂ ಹೋಯಿತಾ?

ಸ್ಪ್ಯಾನರ್ ಮಾಮ | ಪುತ್ತೂರು | ಬುಧವಾರ ರಾತ್ರಿ 10.10

ಗೇಜ್ ಒಳಗೆ ಎಣ್ಣೆ ತರ ಏನೋ ತುಂಬಿದೆಯಾ? ಅದು ಗ್ಲಿಸರಿನ್, ಮುಳ್ಳು ನಡುಗದಿರಲು. ಬಿಸಿಗೆ ಡಬ್ಬಿಯೊಳಗೆ ಒತ್ತಡ ಏರಿ ಮುಳ್ಳನ್ನು ಹಿಂದೆ ತಳ್ಳುತ್ತದೆ. ನೆತ್ತಿಯ ರಬ್ಬರ್ ಬಿರಡೆಯನ್ನು ಉಗುರಲ್ಲಿ ಸ್ವಲ್ಪ ಎತ್ತಿ ಬಿಡಿ, ಸರಿಹೋಗುತ್ತದೆ.

ಟ್ಯಾಂಕ್‌ನಿಂದ ಪಂಪ್ ಹೊರಗೆ ತೆಗೆಸಿ. ಆದರೆ ಹೊಸ ಪಂಪ್ ಕೊಳ್ಳುವ ಮುಂಚೆ, ಪಂಪ್ ಬಾಯಿಯಿಂದ ಮೇಲಿನ ಪೈಪ್‌ಗೆ ಹೋಗುವ ಗೇಣುದ್ದದ ಹೋಸ್ ನೋಡಿ. ನನಗೆ ಅದರ ಮೇಲೇ ಅನುಮಾನ.

ಹಳೇ ಎಸ್ಟೀಮ್ | ಹಾಸನ | ಶನಿವಾರ ಮಧ್ಯಾಹ್ನ 3.20

ಮಾಮ, ಕಾಲಿಗೆ ಬಿದ್ದೆ.

ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ, ಪಕ್ಕದಲ್ಲೇ ನಿಂತಿದ್ದೆ. ಕಳೆದ ವರ್ಷ ಹಾಕಿದ ಪಂಪ್ ಹೊಸದರ ಹಾಗೇ ಇದೆ. ಅದಕ್ಕೆ ಸಿಕ್ಕಿಸಿದ್ದ ಹೋಸ್ ಮಾತ್ರ ಸಾದಾದ್ದು, ಮೈಮೇಲೆ ಒಂದಕ್ಷರ ಇಲ್ಲ. ಕೈಯಲ್ಲಿ ಹಿಡಿದರೆ ನೆನೆಸಿದ ಹುಣಸೆಹಣ್ಣಿನ ಹಾಗೆ ಮೆತ್ತಗೆ, ಕಪ್ಪು ಕೈಗೆ ಹತ್ತುತ್ತದೆ. ಕ್ಲಿಪ್ ಪಕ್ಕದಲ್ಲೇ ಅರ್ಧ ಇಂಚು ಉದ್ದದ ಸೀಳು. ಬಾಗಿಸಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಪಂಪ್ ತಳ್ಳಿದ ಪೆಟ್ರೋಲ್ ಅಲ್ಲೇ ಟ್ಯಾಂಕ್‌ಗೆ ವಾಪಸ್ ಹೋಗುತ್ತಿತ್ತು. ಐಡಲ್‌ಗೆ ಉಳಿದದ್ದು ಸಾಕು, ಘಾಟಿಗೆ ಸಾಲದು. ಬೆಳಗ್ಗೆ ಸ್ಟಾರ್ಟ್ ಆಗದಿದ್ದಕ್ಕೂ ಅದೇ ಕಾರಣ.

ಕಾಫಿ ತೋಟ | ಸಕಲೇಶಪುರ | ಶನಿವಾರ ಮಧ್ಯಾಹ್ನ 3.50

ಒಳಗೆ ಆರ್9 ಹಾಕಿಸಿದಿರಾ?

ಸ್ಪ್ಯಾನರ್ ಮಾಮ | ಪುತ್ತೂರು | ಶನಿವಾರ ಸಂಜೆ 4.05

ಬೇಡ ಬೇಡ! ಆರ್9ರ ಒಳಮೈ ಮಾತ್ರ ಪೆಟ್ರೋಲ್‌ಗೆ ಮಾಡಿದ್ದು, ಹೊರಮೈ ಮುಳುಗಿಸಿಡಲು ಅಲ್ಲ. ಟ್ಯಾಂಕ್ ಒಳಗೆ ಜೆ30 ಆರ್10 ಬೇಕು. ಬೆಲೆ ಜಾಸ್ತಿ, ಆದರೆ ಬೇಕಾಗುವುದು ಗೇಣುದ್ದ.

ಹಳೇ ಎಸ್ಟೀಮ್ | ಹಾಸನ | ಸೋಮವಾರ ರಾತ್ರಿ 8.40

ಆರ್10 ಸಿಗಲು ಎರಡು ದಿನ ಕಾದೆ, ಇವತ್ತು ಹಾಕಿಸಿದೆ. ರಿಟರ್ನ್ ಹಿಸುಕಿದರೆ ಮುಳ್ಳು 5 ದಾಟಿತು, ಭಯಕ್ಕೆ ಬಿಟ್ಟುಬಿಟ್ಟೆ. ಆಫ್ ಮಾಡಿ ಊಟ ಮಾಡಿ ಬಂದರೂ 2ರ ಮೇಲೇ ಇದೆ. ಘಾಟಿಗೆ ಹೋಗಲು ಹೆಂಡತಿ ಒಪ್ಪಲಿಲ್ಲ, ತಮ್ಮನನ್ನು ಕೂರಿಸಿಕೊಂಡು ಹೋಗಿದ್ದೆ. ಏರಿನುದ್ದಕ್ಕೂ 2.8, 2.9. ಅವನಿಗೆ ಬೋರ್ ಹೊಡೆದು ನಿದ್ದೆ ಮಾಡಿದ.

ಡ್ಯಾಶ್ ಮೇಲೆ ಎಲೆಕ್ಟ್ರಿಕ್ ಗೇಜ್ ಹಾಕುವ ಆಸೆ ಇನ್ನೂ ಇದೆ. ವೀರ, ವೈರಿಂಗ್ ಹೇಗೆ?

ವೈರಿಂಗ್ ವೀರ | ಬೆಂಗಳೂರು | ಸೋಮವಾರ ರಾತ್ರಿ 9.10

ಸೆಂಡರ್ ಅನ್ನು ಟೀ ಮೇಲೆ ನೇರ ಕೂರಿಸಬೇಡಿ, ಅದರ ಭಾರಕ್ಕೆ ನಡುಗಿ ನಡುಗಿ ಕತ್ತು ಮುರಿಯುತ್ತದೆ. ಬಾಡಿಗೆ ಬ್ರಾಕೆಟ್ ಹಾಕಿ ಅಲ್ಲಿ ಕೂರಿಸಿ, ಟೀಯಿಂದ ಸಣ್ಣ ಬ್ರೇಡೆಡ್ ಹೋಸ್ ಕೊಡಿ. ಒಂದೇ ವೈರಿನ ಸೆಂಡರ್ ಆದರೆ ಅದರ ಮೈಯೇ ಅರ್ತ್, ಬ್ರಾಕೆಟ್ ಕೆಳಗೆ ಪೇಂಟ್ ಕೆರೆಯಿರಿ. ಗೇಜ್‌ಗೆ ಪವರ್ ಇಗ್ನಿಷನ್‌ನಿಂದ, ಸಣ್ಣ ಫ್ಯೂಸ್ ಹಾಕಿ. ರೇಡಿಯೋ ಲೈನ್‌ನಿಂದ ಬೇಡ, ಸೆಲ್ಫ್ ಹೊಡೆಯುವಾಗ ಅದು ಕಟ್ ಆಗುತ್ತದೆ. ಪ್ರೆಶರ್ ನೋಡಬೇಕಾಗಿರುವುದೇ ಆಗ. ಫೈರ್‌ವಾಲ್‌ನಲ್ಲಿ ಗ್ರೋಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ) ಮರೀಬೇಡಿ.

ಕಾಫಿ ತೋಟ | ಸಕಲೇಶಪುರ | ಸೋಮವಾರ ರಾತ್ರಿ 9.25

ಹಾಗಾದರೆ ಆ ಹಳೇ ಗೇಜ್ ಖಾಲಿ ಆಯ್ತಲ್ವಾ? ನನ್ನ ಜಿಪ್ಸಿಯೂ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಭಾನುವಾರ ತಗೊಂಡು ಬನ್ನಿ, ಊಟ ನಮ್ಮನೇಲಿ.

ಹಳೇ ಎಸ್ಟೀಮ್ | ಹಾಸನ | ಸೋಮವಾರ ರಾತ್ರಿ 9.31

ಬರ್ತೀನಿ. ಟಿಶ್ಯೂ ಪೇಪರ್ ನೀವು ತಂದಿಡಿ.